ಬಾಗಿಲ ಬುಡದ ತೂತು

ದಾಮ್ಯಾಂಗ್,
ನವೆಂಬರ್ 17, 2011, ಗುರುವಾರ ಬೆಳಿಗ್ಗೆ

ಪ್ರೀತಿಯ ಮಗ ಹಾನ್ಸು,

ನಿನ್ನ ತಲೆನೋವು ಹೇಗಿದೆ? ಉಳಿದ ಸುದ್ದಿಯೆಲ್ಲ ಆಮೇಲೆ. ಬೆಳಿಗ್ಗೆ ಏಳುವಾಗ ನೆತ್ತಿಯ ಮೇಲೆ ಯಾರೋ ಒರಳುಕಲ್ಲು ಇಟ್ಟ ಹಾಗಿರುತ್ತದೆ, ಮೆಟ್ಟಿಲು ಹತ್ತಿ ಬೀದಿಗೆ ಬಂದು ಹತ್ತು ಹೆಜ್ಜೆ ನಡೆದರೆ ಬಿಟ್ಟುಹೋಗುತ್ತದೆ ಅಂತ ಭಾನುವಾರ ಫೋನಿನಲ್ಲಿ ನಗುನಗುತ್ತಾ ಹೇಳಿದೆ. ನಾನೂ ನಕ್ಕೆ. ಫೋನು ಇಟ್ಟು ಪಾತ್ರೆ ತೊಳೆಯುವಾಗ ಮಾತ್ರ ಆ ಒರಳುಕಲ್ಲೇ ಕಣ್ಣ ಮುಂದೆ ಬಂತು. ಹೊಟ್ಟೆಗೆ ಸರಿಯಾಗಿ ಬೀಳದಿದ್ದರೆ ಹೀಗೇ ಆಗುವುದು. ಪೊಟ್ಟಣದ ಶಾವಿಗೆ ಕುದಿಸಿಕೊಂಡು ತಿಂದರೆ ಅದೂ ಒಂದು ಊಟವೇ? ಇದರ ಜೊತೆಗೆ ಕಟ್ಟಿರುವ ಡಬ್ಬದಲ್ಲಿ ಎಲೆಕೋಸಿನ ಹೊಸ ಕಿಮ್ಚಿ ಇದೆ, ಹುರಿದ ಸಣ್ಣ ಮೀನು ಇದೆ, ಎಳ್ಳೆಣ್ಣೆಯ ಸೀಸೆ ಇದೆ. ಕಿಮ್ಚಿಯನ್ನು ಎರಡು ದಿನ ಹೊರಗಿಟ್ಟು ಹುಳಿ ಬಂದ ಮೇಲೆ ಫ್ರಿಜ್ಜಿಗೆ ಹಾಕು. ನಿನಗೆ ಹುಳಿಯೇ ಇಷ್ಟ ಅಂತ ನನಗೆ ಗೊತ್ತಿಲ್ಲವೇ.

ಮೊನ್ನೆಯಿಂದ ನೀನು ಫೋನು ತೆಗೆಯುತ್ತಿಲ್ಲ. ಹನ್ನೊಂದು ಸಲ ಮಾಡಿದೆ. ಬಡಿದುಕೊಂಡು ಬಡಿದುಕೊಂಡು ತಾನೇ ಸುಮ್ಮನಾಗುತ್ತದೆ. ಸಿಟ್ಟು ಬಂದಿದೆ ಅಂತ ಗೊತ್ತು. ಭಾನುವಾರ ಮಾತು ಮುಗಿಯುವ ಹೊತ್ತಿಗೆ ಆ ಕನ್ನಡಕದ ಅಂಗಡಿಯವರ ಮಗಳ ವಿಷಯ ನಾನು ಎತ್ತಬಾರದಿತ್ತು. ಏನು ಮಾಡಲಿ, ನಿನಗೆ ಮೂವತ್ತನಾಲ್ಕು, ನನಗೆ ಬಾಯಿ ಚಪಲ. ಫೋನಿನಲ್ಲೇ ಬರೆದು ಕಳಿಸಮ್ಮ ಅನ್ನುತ್ತೀಯ, ನನ್ನ ಹೆಬ್ಬೆರಳು ಒತ್ತಿದರೆ ಮೂರು ಅಕ್ಷರ ಒಟ್ಟಿಗೇ ಬೀಳುತ್ತವೆ. ಅದಕ್ಕೇ ಈ ಕಾಗದ. ಇವತ್ತು ಸಂತೆ, ಪೇಟೆಗೆ ಹೋದಾಗ ಡಬ್ಬದ ಜೊತೆ ಅಂಚೆಗೆ ಹಾಕುತ್ತೇನೆ. ಕೋಪಕ್ಕೂ ಒಂದು ಲೆಕ್ಕ ಬೇಡವೇ, ಕಾಗದ ಸಿಕ್ಕಿದ ದಿನ ಒಂದು ಮಾತು ಹೇಳಿಬಿಡು.

ನಿಮ್ಮಪ್ಪನ ವಿಷಯ ಕೇಳು. ಇಪ್ಪತ್ತೇಳನೇ ತಾರೀಕಿಗೆ ಅವರಿಗೆ ಎಪ್ಪತ್ತು ತುಂಬುತ್ತದಲ್ಲ, ಊರಿನ ಸಮುದಾಯ ಭವನ ಗೊತ್ತು ಮಾಡಿ ಆಯಿತು. ನೂರೈವತ್ತು ಜನ ಬರಬಹುದು. ಎರಡು ವರ್ಷದ ಹಿಂದೆ ತಾತನ ತಿಥಿಯ ದಿನ ನೀನು ತಡವಾಗಿ ಬಂದದ್ದು, ಹಿರಿಮಗ ಮನೆಯಲ್ಲಿ ಮಾಡಿ ತರಬೇಕಾದ ಎಡೆಯ ಹೆಂಡದ ಬದಲು ಅಂಗಡಿಯ ಪ್ಲಾಸ್ಟಿಕ್ ಬಾಟಲಿ ಹಿಡಿದು ಬಂದದ್ದು, ಅವರು ಅದನ್ನು ಎಲ್ಲರ ಕಣ್ಣೆದುರೇ ಅಂಗಳಕ್ಕೆ ಸುರಿದದ್ದು, "ಇನ್ಮೇಲೆ ಇವನ ಕೈಯಿಂದ ಒಂದು ಹನಿನೂ ನಾನು ಕುಡಿಯಲ್ಲ" ಅಂದದ್ದು, ಇದೆಲ್ಲ ನಿನಗೂ ಮರೆತಿಲ್ಲ, ನನಗೂ ಮರೆತಿಲ್ಲ. ಅಲ್ಲಿಂದೀಚೆಗೆ ಅವರ ಬಾಯಲ್ಲಿ ನಿನ್ನ ಹೆಸರೇ ಬಂದಿಲ್ಲ. ಈ ಡಬ್ಬ ಕಟ್ಟುವಾಗಲೂ "ಯಾರಿಗೋ ಏನೋ ಹೋಗ್ತಾ ಇದೆ" ಅಂತ ಹಗ್ಗ ಹಿಡಿದು ಗಂಟು ಬಿಗಿದುಕೊಟ್ಟರು. ಆದರೆ ಕೇಳು. ನೀನೇ ನಲವತ್ತು ಕಿಲೋ ಅಕ್ಕಿ ಬೇಯಿಸಿ ಆರು ಜಾಡಿ ಹೆಂಡ ಇಟ್ಟಿದ್ದೀಯ ಅಂತ ನಾನು ಗೋಡೆಗೆ ಹೇಳುವ ಹಾಗೆ ಹೇಳಿದೆ. ಮಾರನೆಯ ದಿನ ನೋಡಿದರೆ ತಾತನ ಕಾಲದ ಬಿಳಿ ಪಿಂಗಾಣಿ ಬಟ್ಟಲನ್ನು ಅಟ್ಟದಿಂದ ಇಳಿಸಿ, ಬೂದಿ ಹಾಕಿ ಉಜ್ಜಿ, ತಮ್ಮ ದಿಂಬಿನ ಪಕ್ಕದ ಕಪಾಟಿನಲ್ಲಿ ಬೋರಲು ಹಾಕಿ ಇಟ್ಟಿದ್ದಾರೆ. ನೀನು ಅವತ್ತು ಎರಡೂ ಕೈಯಲ್ಲಿ ಹಿಡಿದು ಬಗ್ಗಿಸು. ಅವರು ಕುಡಿಯದಿದ್ದರೆ ನನ್ನ ಹೆಸರು ಬದಲಾಯಿಸು.

ಈ ಹೆಂಡ ಚೆನ್ನಾಗಿ ಬಂದರೆ ಅದರಲ್ಲಿ ನನ್ನ ಪಾಲೂ ಇದೆ, ಸಂತೆಯಲ್ಲಿ ಹುದುಗು ಮಾರುವ ಆ ಗೊಕ್ಸೊಂಗ್ ಊರಿನ ಮುದುಕಿಯ ಪಾಲು ಒಂದು ಚೂರೂ ಇಲ್ಲ ಅಂತ ಊರಿಗೆಲ್ಲ ಹೇಳಿದ್ದೇನೆ. ಅವಳ ಹತ್ತಿರ ನುರುಕ್ ಕೊಳ್ಳುವುದು ಅಂದರೆ ಮದುವೆಗೆ ಹೆಣ್ಣು ಕೇಳಿದ ಹಾಗೆ. ಗೋಧಿ ಕುಟ್ಟಿ, ತುಳಿದು, ಬೂಷ್ಟು ಹಿಡಿಸಿ ಒಣಗಿಸಿದ ಒಂದು ಬಿಲ್ಲೆ ಹುದುಗಿಗೆ ಎಷ್ಟು ಪ್ರಶ್ನೆ! ಎಷ್ಟು ಜಾಡಿ? ಯಾವ ಕೋಣೆ? ಒಲೆ ಯಾವ ಕಡೆ? ಕೋಣೆಯಲ್ಲಿ ಯಾರು ಮಲಗುತ್ತಾರೆ? ನಲವತ್ತು ವರ್ಷ ಸಹಿಸಿದೆ. ಈ ವಸಂತದಲ್ಲಿ ಸಂತೆಯ ನಡುವೆ, ಹತ್ತು ಜನರ ಎದುರಿಗೆ, "ಯಾರಿಗೇ ಇದು, ಮನೆಗೇ ಬರದ ಆ ಮಗನಿಗಾ?" ಅಂದಳು. ಬಿಲ್ಲೆಯನ್ನು ಅವಳ ಬುಟ್ಟಿಗೇ ಎಸೆದು ಬಂದೆ. ಅದಕ್ಕೇ ನೀನು ಕೇಳಿದಾಗ, ಸಂತೆಯ ಸಹವಾಸ ಬೇಡ, ಕಂಪ್ಯೂಟರಿನಲ್ಲೇ ತರಿಸಿಕೋ, ಅದಕ್ಕೆ ಹಾಳು ಬಾಯಿಯಿಲ್ಲ ಅಂದವಳು ನಾನೇ. ರಾತ್ರಿ ಒತ್ತಿದರೆ ಬೆಳಿಗ್ಗೆ ಬಾಗಿಲಲ್ಲಿ! ಪುಡಿ ಮಾಡಿದ ನುರುಕ್, ಬೇಗ ಉಕ್ಕಲಿ ಅಂತ ಬಿಳಿ ಯೀಸ್ಟಿನ ಪೊಟ್ಟಣ, ಜಾಡಿಯೊಳಗೆ ಇಳಿಬಿಡುವ ಉಷ್ಣಮಾಪಕ, ಇಪ್ಪತ್ತೈದು ಡಿಗ್ರಿಗೆ ಕಮ್ಮಿ ಆಗಬಾರದು ಅನ್ನುವ ಬಣ್ಣದ ಚೀಟಿ. "ಒಂದೇ ಒಂದು ಪ್ರಶ್ನೆ ಕೇಳಲಿಲ್ಲಮ್ಮ" ಅಂತ ನೀನು ಕುಣಿದೆ. ನನಗೂ ಆ ಮುದುಕಿಯ ಮೂತಿಗೆ ತಿವಿದಷ್ಟು ಖುಷಿಯಾಯಿತು.

ನಾನು ಹೇಳಿದ್ದನ್ನೆಲ್ಲ ಮಾಡಿದ್ದೀಯ ತಾನೆ? ಕೆಳಗೆ ಬಿಸಿನೀರಿನ ಕೊಳವೆ ಹಾದು ನೆಲ ಎಲ್ಲಿ ಹೆಚ್ಚು ಬೆಚ್ಚಗಿರುತ್ತದೋ ಅಲ್ಲಿ ಜಾಡಿಗಳು. ಮೇಲೆ ತೆಳು ಬಟ್ಟೆ, ಸುತ್ತ ಹಳೆ ಹೊದಿಕೆ. ಬಸುರಿಯನ್ನು ಕಾಪಾಡಿದ ಹಾಗೆ ಕಾಪಾಡಬೇಕು, ಹೊರಗಿನ ಗಾಳಿ ಸೋಕಬಾರದು. ಕಿಟಕಿಗೆ ಪ್ಲಾಸ್ಟಿಕ್ ಹಾಳೆ ಹೊಡೆದು ಅಂಚಿಗೆಲ್ಲ ಟೇಪು ಅಂಟಿಸಿದೆ, ಬಾಗಿಲ ಸಂದಿಗೂ ಬಟ್ಟೆ ತುರುಕಿದೆ, ಈಗ ಇಲಿಯ ಉಸಿರೂ ಒಳಗೆ ಬರಲ್ಲ ಅಂದೆಯಲ್ಲ, ಜಾಣ. ಅರ್ಧ ನೆಲದೊಳಗೆ ಹುದುಗಿದ ಆ ನಿನ್ನ ಕೋಣೆ ನನಗೆ ಯಾವತ್ತೂ ಸೇರಿಲ್ಲ, ಕಿಟಕಿಯಲ್ಲಿ ಬರೀ ಜನರ ಕಾಲು ಕಾಣುವ ಮನೆ ಅದೆಂಥ ಮನೆ. ಆದರೆ ಹೆಂಡಕ್ಕೆ ಒಳ್ಳೆಯದೇ. ನಿಮ್ಮಜ್ಜಿಯಾದರೆ ಇಷ್ಟೆಲ್ಲ ಮಾಡಿ ಕೊನೆಗೆ ಒಂದು ಹುಚ್ಚು ಕೆಲಸ ಮಾಡುತ್ತಿದ್ದರು. ಹೆಂಡ ಇಟ್ಟ ಕೋಣೆಯ, ಮರದ ಚೌಕಟ್ಟಿಗೆ ಕಾಗದ ಅಂಟಿಸಿದ ಬಾಗಿಲಿಗೆ, ನೆಲಕ್ಕೆ ತಾಗಿದ ಹಾಗೆ, ಅಂಗೈ ತೂರುವಷ್ಟು ಹರಿದುಬಿಡುತ್ತಿದ್ದರು. ಮದುವೆಯಾಗಿ ಬಂದ ವರ್ಷ, ಮುದುಕಿಗೆ ಕಣ್ಣು ಕಾಣಿಸದೆ ಕಾಲು ತಾಗಿಸಿದ್ದಾಳೆ ಅಂದುಕೊಂಡು ನಾನು ಗಂಜಿ ಹಚ್ಚಿ ಹೊಸ ಕಾಗದ ಅಂಟಿಸಿದೆ. ಬಂದು ನೋಡಿದವರೇ ಮತ್ತೆ ಹರಿದು, "ಮನೆದೇವರು ಓಡಾಡೋ ದಾರಿ ಮುಚ್ತೀಯೇನೇ, ಮಂಕೇ!" ಅಂತ ನನ್ನ ತಲೆಗೆ ಮೊಟಕಿದರು. ಬೆಚ್ಚಗಿಡು ಅನ್ನುವುದೂ ಅವರೇ, ತೂತು ಮಾಡುವುದೂ ಅವರೇ. ಇಂಥ ಮೂಢನಂಬಿಕೆಯನ್ನೆಲ್ಲ ನಿನಗೆ ಹೇಳಿಕೊಟ್ಟಿಲ್ಲ ನಾನು, ಹೆದರಬೇಡ.

ಬೆಂಕಿಕಡ್ಡಿಯ ಪರೀಕ್ಷೆ ದಿನಾ ಮಾಡು. ಗೀರಿ ಜಾಡಿಯ ಬಾಯಿಗೆ ಹಿಡಿದಾಗ ಆರಿದರೆ ಹೆಂಡ ಇನ್ನೂ ಉಸಿರಾಡುತ್ತಿದೆ ಅಂತ, ಉರಿಯುತ್ತಲೇ ಇದ್ದರೆ ಸೋಸಬಹುದು ಅಂತ. ಜಾಡಿಗೆ ಇನ್ನೂ ಒಂದು ಗೇಣು ಇರುವಾಗಲೇ ಆರಿಹೋಗುತ್ತದಮ್ಮ ಅಂದೆಯಲ್ಲ, ಅಷ್ಟು ಜೋರು ಹೆಂಡ ನಮ್ಮ ವಂಶದಲ್ಲೇ ಯಾರೂ ಮಾಡಿಲ್ಲ, ಪಕ್ಕದ ಮನೆಯವರಿಗೂ ಹೇಳಿಕೊಂಡು ಬಂದೆ. ಸೋಮವಾರದಿಂದ ಒಂದು ವಾರ ರಜೆ ಹಾಕಿ ಜಾಡಿಗಳ ನಡುವೆಯೇ ಹಾಸಿಗೆ ಹಾಕಿಕೊಳ್ಳುತ್ತೇನೆ, ರಾತ್ರಿಯೆಲ್ಲ ಮಳೆ ಬಿದ್ದ ಹಾಗೆ ಸದ್ದು ಮಾಡುತ್ತವೆ ಅಂದದ್ದು ಕೇಳಿ ಕಣ್ಣಲ್ಲಿ ನೀರು ಬಂತು. ಅಪ್ಪನಿಗೋಸ್ಕರ ಇಷ್ಟು ಮಾಡುವ ಮಗ ಎಷ್ಟು ಜನರಿಗಿದ್ದಾನೆ. ಬೋರಿ ಹೇಗಿದೆ? ಆ ನಾಯಿಮರಿ ನಿನ್ನ ಕಾಲ ಹತ್ತಿರ ಮಲಗುವುದು ಬಿಟ್ಟು ಬಟ್ಟೆ ತೊಳೆಯುವ ಯಂತ್ರದ ಮೇಲೆ ಹತ್ತಿ ಕೂರುತ್ತದೆ, ಇಳಿಸಿದರೆ ಕುಂಯ್‌ಗುಟ್ಟಿಕೊಂಡು ಮತ್ತೆ ಹತ್ತುತ್ತದೆ ಅಂದೆ. ವಾಸನೆಗೇ ಅಮಲು ಏರಿರಬೇಕು ಅಂತ ನಕ್ಕೆವು. ಬೆಚ್ಚಗಿನ ನೆಲ ಬಿಟ್ಟು ತಣ್ಣನೆಯ ತಗಡಿನ ಮೇಲೆ ಯಾವ ನಾಯಿ ಮಲಗುತ್ತದೋ ನಾ ಕಾಣೆ.

ಹೊತ್ತಾಯಿತು, ನಿಮ್ಮಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಕೆಮ್ಮುತ್ತಿದ್ದಾರೆ. ಅವರೂ ಪೇಟೆಗೆ ಬರುತ್ತಾರಂತೆ, ಸಮಾರಂಭಕ್ಕೆ ಕ್ಷೌರ ಮಾಡಿಸಬೇಕಂತೆ, ಇನ್ನೂ ಹತ್ತು ದಿನ ಇರುವಾಗಲೇ. ಸರಿಯಾಗಿ ತಿನ್ನು, ಬೆಚ್ಚಗೆ ಮಲಗು. ನಮ್ಮಿಬ್ಬರ ಆಯುಷ್ಯವೂ ನಿನಗೇ ಸೇರಲಿ, ನಿನ್ನ ಕೂದಲು ನೆರೆಯುವ ತನಕ ಬಾಳು.

ನಿನ್ನ ಮೇಲೆ ಕೋಪ ಮಾಡಿಕೊಳ್ಳಲಾರದ
ಅಮ್ಮ

ತಾ.ಕ. — ಹಾನ್ಸು, ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಕಾಗದ ಅಂಚೆಗೆ ಹಾಕಲಿಲ್ಲ, ನನ್ನ ಕೈಯಲ್ಲೇ ಇದೆ. ಇನ್ನು ಸುಮ್ಮನೆ ಕೂತರೆ ಏನೇನೋ ಯೋಚನೆ ಬರುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ.

ಸಂತೆಯಲ್ಲಿ ಬೇಕೆಂದೇ ಅವಳ ಮುಂದೆ ಹಾದುಹೋದೆ, ಜಂಬ ಕೊಚ್ಚಿಕೊಳ್ಳಲು. "ಏನೇ, ಕಂಪ್ಯೂಟರ್ ಅಂಗಡಿ ಬಾಗಿಲು ಹಾಕ್ತಾ?" ಅಂದಳು ಗೊಕ್ಸೊಂಗ್ ಮುದುಕಿ. ನನ್ನ ಮಗ ಆರು ಜಾಡಿ ಇಟ್ಟಿದ್ದಾನೆ, ನಿನ್ನ ಹಂಗಿಲ್ಲದೆ, ಅಂದೆ. ನಗಲಿಲ್ಲ ಅವಳು. "ಆರಾ? ಯಾವ ಕೋಣೆ?" ಹೇಳಿದೆ. "ಅಲ್ಲಿ ಯಾರು ಮಲಗ್ತಾರೆ?" ಹೇಳಿದೆ. "ಬಾಗಿಲ ಬುಡ ಹರಿದಿದ್ದಾನಾ?" ಅದು ಕಬ್ಬಿಣದ ಬಾಗಿಲು, ಕಿಟಕಿಗೂ ಟೇಪು ಹಾಕಿದ್ದಾನೆ ಅಂದೆ. ಕೈಯಲ್ಲಿದ್ದ ಬಿಲ್ಲೆ ಕೆಳಗಿಟ್ಟಳು. "ಹೆಂಡದ ಉಸಿರು ಭಾರ ಕಣೇ. ನೀರು ನಿಂತ ಹಾಗೆ ನೆಲದ ಮೇಲೆ ನಿಲ್ಲುತ್ತೆ. ನಮ್ಮ ತವರಿನ ಭಟ್ಟಿಯಲ್ಲಿ ತೊಟ್ಟಿ ತೊಳೆಯೋಕೆ ಇಳಿದವನು ಮೇಲೆ ಬರಲಿಲ್ಲ, ಅವನನ್ನ ಎತ್ತೋಕೆ ಇಳಿದ ತಮ್ಮನೂ ಬರಲಿಲ್ಲ. ನಿನ್ನ ಅತ್ತೆ ನಿಂಗೆ ಹೇಳಿರಲಿಲ್ವಾ? ಆ ತೂತು ಅದಕ್ಕೇ. ಫೋನ್ ಮಾಡು ಈಗಲೇ." ಮೊನ್ನೆಯಿಂದ ತೆಗೀತಿಲ್ಲ ಅಂದೆ. ಅವಳು ನನ್ನ ಕೈ ಹಿಡಿದುಕೊಂಡಳು, ನಲವತ್ತು ವರ್ಷದಲ್ಲಿ ಮೊದಲ ಸಲ.

ತಲೆನೋವು, ಬೆಂಕಿಕಡ್ಡಿ, ಬೋರಿ. ಎಲ್ಲ ನೀನು ನನಗೆ ಹೇಳಿದ್ದೆ ಮಗ. ನಾಯಿಗೆ ತಿಳಿದದ್ದು ನನಗೆ ತಿಳಿಯಲಿಲ್ಲ. ಗಾಳಿ ಸೋಕಬಾರದು ಅಂದವಳು ನಾನು. ತೂತಿನ ಮಾತು ಮೂಢನಂಬಿಕೆ ಅಂತ ಮುಚ್ಚಿಟ್ಟವಳು ನಾನು. ನಮ್ಮ ಹಳೇ ಮನೆಯ ಗೋಡೆಯಲ್ಲಿ, ಕಾಗದದ ಬಾಗಿಲಲ್ಲಿ ನೂರು ಸಂದಿ ಇದ್ದವು, ಆದರೂ ಅತ್ತೆ ಹರಿಯುತ್ತಿದ್ದರು.

ಕ್ಷೌರದ ಅಂಗಡಿಗೆ ಓಡಿದೆ. ಅರ್ಧ ಕ್ಷೌರದಲ್ಲೇ ಎದ್ದು ಬಂದರು ನಿಮ್ಮಪ್ಪ. ನನ್ನ ಕೈಯ ಫೋನು ಕಿತ್ತುಕೊಂಡು ಅಗ್ನಿಶಾಮಕದವರಿಗೆ ಮಾಡಿದರು, ಡಬ್ಬದ ಮೇಲೆ ನಾನು ಬರೆದ ವಿಳಾಸ ನೋಡಿ ನೋಡಿ ಕೂಗಿದರು. "ಹಾನ್ಸು! ನನ್ನ ಮಗ! ಹಾನ್ಸು ಅಂತ! ನೆಲಮಾಳಿಗೆ, ಒಂದನೇ ಮನೆ! ಬಾಗಿಲು ಒಡೀರಿ, ಕೇಳ್ತಾ ಕೂರಬೇಡಿ, ಒಡೀರಿ!" ಸಂತೆಗೆ ಸಂತೆಯೇ ತಿರುಗಿ ನೋಡಿತು. ಎರಡು ವರ್ಷದ ಮೇಲೆ ನಿನ್ನ ಹೆಸರು ಅವರ ಬಾಯಲ್ಲಿ ಬಂತು ಮಗ, ಎರಡೆರಡು ಸಲ, ನೀನು ಕೇಳಬೇಕಿತ್ತು.

ತಲುಪಿದ ಕೂಡಲೇ ಫೋನು ಮಾಡುತ್ತೇವೆ ಅಂದರಂತೆ. ಕಾಲು ಗಂಟೆಯಾಯಿತು. ನೀನಿರುವ ಸಿಯೋಲ್ ನಗರದ ಬಸ್ಸಿಗೆ ಇನ್ನೂ ಹತ್ತು ನಿಮಿಷ ಇದೆ. ನಿಮ್ಮಪ್ಪ ನನ್ನೆದುರು ನಿಂತಿದ್ದಾರೆ, ಕತ್ತಿನಲ್ಲಿ ಕ್ಷೌರದವನ ಬಿಳಿ ಬಟ್ಟೆ ಹಾಗೇ ಇದೆ. ಮೇಲೆ ಬಾಳು ಅಂತ ಬರೆದದ್ದು ಅಭ್ಯಾಸದ ಮಾತು. ಈಗ ಬೇಡಿಕೊಂಡು ಬರೆಯುತ್ತಿದ್ದೇನೆ, ಬಾಳು ಮಗ. ಬಾಗಿಲು ಯಾಕೆ ಒಡೆಸಿದೆ ಅಂತ ನನ್ನನ್ನು ಬೈಯಿ, ಹೆಂಡವೆಲ್ಲ ಹಾಳಾಯಿತು ಅಂತ ಬೈಯಿ, ಆರೂ ಜಾಡಿ ಚರಂಡಿಗೆ ಹೋಗಲಿ.

ಫೋನು ಬಡಿದುಕೊಳ್ಳುತ್ತಿದೆ. ನಿಮ್ಮಪ್ಪ ತೆಗೆಯುತ್ತಿಲ್ಲ. ಎರಡೂ ಕೈಯಲ್ಲಿ ಹಿಡಿದು ನನ್ನ ಕಡೆ ಚಾಚಿದ್ದಾರೆ.