ಮೂಕಪ್ಪ ಸುರಿದ ಒಂದು ಕೊಡ ನೀರು

ಕಾರ್ಖಾನೆಗಳ ಸುರಕ್ಷತೆ ನೋಡುವ ಮಾನ್ಯ ಅಧಿಕಾರಿಗಳೇ,

ನನ್ನ ಗಂಡ ಮೂಕಪ್ಪ ಸತ್ತದ್ದು ಅವನದೇ ಅಜಾಗರೂಕತೆಯಿಂದ ಎಂದು ತಾವು ತೀರ್ಮಾನಿಸಿದ್ದೀರಿ. ಬೆಂಕಿಗೆ ನೀರು ಹಾಕುವುದು ಅಜಾಗರೂಕತೆಯಾದರೆ ರಾಯಚೂರಿನಲ್ಲಿ ಜಾಗರೂಕರು ಯಾರಿದ್ದಾರೆ, ಹೇಳಿ. ನಾನು ಏಳನೇ ತರಗತಿ ಓದಿದವಳು. ಸಂಜೆ ನನಗಾಗಿ ನಾಲ್ಕು ಸಾಲು ಬರೆದುಕೊಳ್ಳುವುದು ಬಿಟ್ಟರೆ ಯಾರಿಗೂ ಬರೆದವಳಲ್ಲ. ಇದನ್ನು ಮಾತ್ರ ಊರೆಲ್ಲ ಓದಲಿ.

ಅವನು ದುಡಿಯುತ್ತಿದ್ದ ಶೆಡ್ಡಿನಲ್ಲಿ ಅಯಸ್ಕಾಂತ ಮಾಡುತ್ತಾರೆ. ಸಮೇರಿಯಂ, ಕೋಬಾಲ್ಟ್ ಎಂಬ ಲೋಹಗಳನ್ನು ಕೂಡಿಸಿ ಕರಗಿಸಿ, ಹಿಟ್ಟಿಗಿಂತ ನುಣ್ಣಗೆ ಬೀಸಿ, ಅಚ್ಚಿನಲ್ಲಿ ಒತ್ತಿ, ಕುಲುಮೆಯಲ್ಲಿ ಸುಡುತ್ತಾರೆ. ಒಣಗಿದ ಪುಡಿ ಗಾಳಿಗೇ ಹೊತ್ತಿಕೊಳ್ಳುತ್ತದೆ. ಹೊತ್ತಿದ ಮೇಲೆ ನೀರು ಬಿದ್ದರೆ ಸಿಡಿಯುತ್ತದೆ. ಇದನ್ನು ನಾನು ಗಂಡನನ್ನು ಮಣ್ಣು ಮಾಡಿದ ಮೇಲೆ ತಮ್ಮ ವರದಿಯಿಂದ ಕಲಿತೆ. ಪಾಠ ಚೆನ್ನಾಗಿತ್ತು, ತುಸು ತಡವಾಯಿತು.

ಬೀಸುವ ಯಂತ್ರಕ್ಕೆ ಇಬ್ಬರಿದ್ದರು. ಎದುರು ಮನೆಯ ಜಹೀರುದ್ದೀನನನ್ನು ತರಬೇತಿಗೆಂದು ಹೈದರಾಬಾದಿಗೆ ಕಳಿಸಿದರು, ಮೂಕಪ್ಪನನ್ನು ಕಳಿಸಲಿಲ್ಲ. ಜಹೀರುದ್ದೀನ್ ಮರಳಿದ ದಿನ ನನ್ನ ಗಂಡ ಕೇಳಿದ್ದ: "ಏನ್ ಕಲ್ತು ಬಂದಿಲೇ, ಜಹೀರಾ? ಬರೇ ಬಿರಿಯಾನಿ ತಿಂದು ಬಂದ್ಯೋ?"

"ನಿನ್ನ ಕಳಿಸಿದ್ರ ಅಷ್ಟ ಮಾಡ್ತಿದ್ದಿ, ಬೇ!"

ಇಬ್ಬರೂ ನಕ್ಕರು. ಕಲಿತದ್ದೇನೆಂಬ ಮಾತು ಅಲ್ಲಿಗೇ ಮುಗಿಯಿತು.

ಬೇಸಿಗೆಯ ಮಧ್ಯಾಹ್ನ ನೆಲಕ್ಕೆ ನೀರು ಚಿಮುಕಿಸಿ ತಂಪು ಮಾಡಿಕೊಳ್ಳುವುದು ನಮ್ಮ ಸೀಮೆಯ ರೂಢಿ. ಅದಕ್ಕೆಂದೇ ಶೆಡ್ಡಿನ ಬಾಗಿಲಲ್ಲಿ ತುಂಬಿದ ಕೊಡ ಇರುತ್ತಿತ್ತು. ಅಂದು ತಟ್ಟೆಯಲ್ಲಿ ಒಣಗಿದ ಪುಡಿ ಹೊತ್ತಿಕೊಂಡಾಗ ಜಹೀರುದ್ದೀನ್ ಮರಳು ತರಲು ಓಡಿದ. ಮೂಕಪ್ಪ ಕೊಡ ಎತ್ತಿದ. ಇಬ್ಬರ ನಡುವಿನ ವ್ಯತ್ಯಾಸ ಬುದ್ಧಿಯದೇ, ಮಾನ್ಯರೇ, ಅಥವಾ ಒಂದು ರೈಲು ಟಿಕೀಟಿನದೇ?

ಈಗಲೂ ಸಂಜೆ ಜಹೀರುದ್ದೀನನ ಸೈಕಲ್ ಗಂಟೆ ಕೇಳಿ ಅವನ ಹೆಂಡತಿ ಗುಲ್ಶನ್ ಬೇಗಂ ಚಿಲಕ ತೆಗೆಯುತ್ತಾಳೆ. ಆ ಸದ್ದಿಗೆ ನನ್ನ ಹೊಟ್ಟೆಯಲ್ಲಿ ಕಿಚ್ಚು ಬೀಳುತ್ತದೆ. ಒಳ್ಳೆಯವಳು. ಒಂದು ಸಂಜೆ ರೊಟ್ಟಿ ತಂದು, "ಶೇಖಮ್ಮಕ್ಕ, ಒಂದು ತುತ್ತರ ತಿನ್ನು" ಅಂದಳು.

"ನಿನ್ನ ಗಂಡ ಅದಾನಲ್ಲ, ಅವಗ ತಿನಿಸು ಹೋಗು" ಅಂದೆ.

ಹಿಂದೆ ನಿಂತಿದ್ದ ಜಹೀರುದ್ದೀನ್ ಅತ್ತ. "ಯಕ್ಕಾ, ನೀರು ಬ್ಯಾಡಲೇ ಅಂತ ಒದರೂದ್ರಾಗ ಕೊಡ ಬೋರಲಾಗಿತ್ತು. ಮದ್ಲ ಹೇಳಬೇಕಿತ್ತು ನಾ."

ಹೇಳುವುದು ಅವನ ಕೆಲಸವಾಗಿತ್ತೇ? ಸಂಬಳ ಪಡೆದು ಆ ಶೆಡ್ಡನ್ನು ನೋಡಿಹೋದವರು ತಾವು.

ವರದಿಯಿಂದ ಆ 'ಅಜಾಗರೂಕತೆ'ಯನ್ನು ಹೊಡೆದುಹಾಕಿ. ಕೆಲಸಕ್ಕೆ ಸೇರುವ ಪ್ರತಿಯೊಬ್ಬರ ಎದುರು ಮೊದಲ ದಿನವೇ ಚಿಟಿಕೆ ಪುಡಿ ಹೊತ್ತಿಸಿ, ಮರಳಿನಿಂದ ಆರಿಸಿ ತೋರಿಸಿ. ಒಬ್ಬರಿಗೆ ಕಲಿಸಿ ಇನ್ನೊಬ್ಬರನ್ನು ಬಿಡಬೇಡಿ. ಗಂಡ ಬದುಕಿದ್ದಾನೆಂಬ ಒಂದೇ ತಪ್ಪಿಗೆ ಎದುರು ಮನೆಯವಳನ್ನು ದ್ವೇಷಿಸುವ ಹೆಂಗಸು ಈ ಊರಿಗೆ ನಾನೊಬ್ಬಳೇ ಸಾಕು.

ಇಂತಿ,
ತಮ್ಮ ವರದಿಯಲ್ಲಿ 'ಮೃತನ ಪತ್ನಿ' ಎಂದಷ್ಟೇ ಇರುವ
ಶೇಖಮ್ಮ, ಪೋತ್ನಾಳದವಳು, ಸದ್ಯ ರಾಯಚೂರು