ಆ ಸೀಸ ನಮ್ಮ ಕುಲುಮೆಯದು

ಸೀಸಕ್ಕೆ ವಿನಾಯಿತಿ ಕೊಡುವ ಸಮಿತಿಯ ಮಾನ್ಯ ಅಧ್ಯಕ್ಷರೇ,

ಸೀಸವೇ ಇಲ್ಲದೆ ತಯಾರಾದ ಒಂದು ಫಿಲ್ಮನ್ನು, ಅದರಲ್ಲಿ ಸೀಸವಿದೆ ಎಂದು ಹೇಳಿ ಕಳೆದ ತಿಂಗಳು ತಾವು ತಿರಸ್ಕರಿಸಿದ್ದೀರಿ. ಆ ಸೀಸ ಫಿಲ್ಮಿನದಲ್ಲ. ತಮ್ಮದು! ತಮ್ಮ ಪರೀಕ್ಷಾ ಕೇಂದ್ರದ ಎರಡನೇ ಕುಲುಮೆಯದು. ಇಷ್ಟು ಖಡಾಖಂಡಿತವಾಗಿ ಹೇಳಲು ನೀನ್ಯಾರು ಎಂದು ಕೇಳುತ್ತೀರಾ? ಕೇಳಲೇಬೇಕು. ಆ ಫಿಲ್ಮನ್ನು ಆ ಕುಲುಮೆಯೊಳಗೆ ಇಟ್ಟ ಕೈ ನನ್ನದು. ವರದಿಯ ಕೆಳಗಿನ ಸಹಿಯೂ ನನ್ನದೇ.

ಪತ್ರಿಕೆಯಲ್ಲಿ ಇದನ್ನು ಓದುವವರಿಗಾಗಿ ಎರಡು ಮಾತು. ತಲೆಗೂದಲನ್ನು ಉದ್ದಕ್ಕೆ ಎಪ್ಪತ್ತು ಸೀಳು ಮಾಡಿದರೆ ಒಂದು ಸೀಳು ಎಷ್ಟು ತೆಳುವೋ ಅಷ್ಟು ತೆಳುವಾದ ಪದರ ಈ ಫಿಲ್ಮ್. ಸಿಲಿಕಾನ್ ಬಿಲ್ಲೆಯ ಮೇಲೆ ಅಂಟಿಕೊಂಡಿರುತ್ತದೆ. ಒತ್ತಿದರೆ ವಿದ್ಯುತ್ ಕೊಡುತ್ತದೆ, ವಿದ್ಯುತ್ ಕೊಟ್ಟರೆ ನಡುಗುತ್ತದೆ. ಮೈಕು, ಪ್ರಿಂಟರು, ನಡುಕ ಅಳೆಯುವ ಯಂತ್ರ, ಎಷ್ಟೋ ಸಾಮಾನಿನ ಹೊಟ್ಟೆಯಲ್ಲಿ ಇಂಥದೊಂದು ಕೂತಿರುತ್ತದೆ. ಸೀಸ ವಿಷ, ಬಳಸಬಾರದೆಂದು ಕಾನೂನಿದ್ದರೂ ಇದಕ್ಕೆ ಮಾತ್ರ ಅದು ಬೇಕೇ ಬೇಕು, ಬೇರೆ ದಾರಿಯೇ ಇಲ್ಲ ಎಂಬ ಒಂದೇ ಸಾಲನ್ನು ಹಿಡಿದುಕೊಂಡು ತಾವು ಐದೈದು ವರ್ಷಕ್ಕೊಮ್ಮೆ ಕಾರ್ಖಾನೆಗಳಿಗೆ ವಿನಾಯಿತಿ ಹಂಚುತ್ತ ಬಂದಿರಿ. ಆ ಸಾಲಿಗೆ ವಯಸ್ಸೇ ಆಗುವುದಿಲ್ಲವೇ?

ಬೇರೆ ದಾರಿಯನ್ನು ಹುಡುಕಿದವರು ಒಬ್ಬ ಸಂಶೋಧಕಿ; ನಾವು ಅವರನ್ನು ಕನ್ನಡಿ ಮೇಡಂ ಎಂದು ಕರೆಯುತ್ತೇವೆ. ಅವರ ಫಿಲ್ಮಿನಲ್ಲಿ ಮುಖ ಕಾಣುತ್ತದೆ, ಅದಕ್ಕೇ ಆ ಹೆಸರು. ಪೊಟ್ಯಾಶಿಯಂ, ಸೋಡಿಯಂ, ನಿಯೋಬಿಯಂ ಬೆರೆಸಿ ಒಂಬತ್ತು ವರ್ಷ ಒದ್ದಾಡಿದ್ದಾರೆ. ಮೊದಮೊದಲು ಫಿಲ್ಮ್ ಬಿರುಕು ಬಿಡುತ್ತಿತ್ತು, ಆಮೇಲೆ ವಿದ್ಯುತ್ ಸೋರುತ್ತಿತ್ತು. ಕೊನೆಗೂ ನಿಂತ ಫಿಲ್ಮನ್ನು ಡಬ್ಬಿಯಲ್ಲಿಟ್ಟು, ಬಸ್ಸಿನಲ್ಲಿ ತೊಡೆಯ ಮೇಲೆ ಕೂಸಿನಂತೆ ಹಿಡಿದುಕೊಂಡು ನಮ್ಮ ಕೇಂದ್ರಕ್ಕೆ ಬಂದರು. ಪರೀಕ್ಷೆಗೆ ಮುನ್ನ ಯಾವ ಫಿಲ್ಮನ್ನಾದರೂ ನಮ್ಮ ಕುಲುಮೆಯಲ್ಲಿ ಒಮ್ಮೆ ಬೇಯಿಸಬೇಕೆಂಬುದು ನಿಯಮ. ಕುಲುಮೆಯ ಒಳಗೆ ಇಣುಕಿದವರೇ ಹಿಂದೆ ಸರಿದರು. ಫಿಲ್ಮ್ ಇಡುವ ಕೊಳವೆಯ ಗೋಡೆಗೆಲ್ಲ ಹಳದಿ ಕಲೆ. ಹದಿನೆಂಟು ವರ್ಷ ಅದರಲ್ಲಿ ಸೀಸದ ಫಿಲ್ಮುಗಳನ್ನೇ ಬೇಯಿಸಿದ್ದೇನೆ. ಕಾದಾಗ ಸೀಸ ಆವಿಯಾಗಿ ಏಳುತ್ತದೆ, ಗೋಡೆಗೆ ಅಂಟುತ್ತದೆ, ಮತ್ತೆ ಕಾದರೆ ಒಳಗಿರುವುದರ ಮೇಲೆ ಇಳಿಯುತ್ತದೆ. ಬೇರೆ ಕೊಳವೆ ಹಾಕಿಸಿ ಎಂದು ಅವರು ಬೇಡಿಕೊಂಡರು. ತಮ್ಮ ತಪಾಸಣಾಧಿಕಾರಿಗಳು ಕನ್ನಡಕ ಒರೆಸಿಕೊಂಡು ಹೇಳಿದ ಮಾತನ್ನು ಯಥಾವತ್ತಾಗಿ ಬರೆಯುತ್ತೇನೆ: "ನಿಯಮದಲ್ಲಿ ಎರಡನೇ ಕುಲುಮೆ ಅಂತಿದೆ ಮೇಡಂ. ಕ್ಲೀನಾಗಿರೋ ಎರಡನೇ ಕುಲುಮೆ ಅಂತ ಇಲ್ವಲ್ಲ."

ಆಹಾ, ಏನು ನ್ಯಾಯ! ಮೇಡಂ ನನ್ನ ಮುಖ ನೋಡಿದರು. ನಾನು ಗಡಿಯಾರ ನೋಡಿದೆ. ಆಮೇಲೆ ಬಾಗಿಲು ಮುಚ್ಚಿ ಗುಂಡಿ ಒತ್ತಿದೆ.

ಈಗ ನನ್ನ ಅಕ್ಕನ ವಿಷಯ. ತಾವು ವಿನಾಯಿತಿ ಕೊಟ್ಟ ಕಾರ್ಖಾನೆಯೊಂದರಲ್ಲಿ ಹದಿನಾಲ್ಕು ವರ್ಷದಿಂದ ಸೀಸದ ಪುಡಿ ತೂಗುತ್ತಾಳೆ. ಬಲಗೈ ಮಣಿಕಟ್ಟು ಜೋತುಬಿದ್ದಿದೆ. ನೀರಿನ ಲೋಟವನ್ನು ಎರಡೂ ಕೈಯಲ್ಲಿ ಎತ್ತುತ್ತಾಳೆ. ಜಡೆ ಹಾಕಿಕೊಳ್ಳಲು ಆಗದೆ ಕೂದಲು ಕತ್ತರಿಸಿಕೊಂಡು, ಫ್ಯಾಷನ್ ಕಣೋ ಎಂದು ನಕ್ಕಳು. ಹೋದ ವಾರ ಅಡುಗೆಮನೆಯಲ್ಲಿ ಅವಳಿಗೆ ಈ ಫಿಲ್ಮಿನ ಕಥೆಯನ್ನೆಲ್ಲ ಹೇಳಿದೆ. ಸಿಂಕಿನ ಹತ್ತಿರ ನಿಂತು ಪೂರ್ತಿ ಕೇಳಿದಳು.

"ಬೆಳ್ಳುಳ್ಳಿ ಹುರಿದ ಬಾಣಲೆಲಿ ಹಾಲು ಕಾಯ್ಸಿ, ಹಸು ಸರಿಯಿಲ್ಲ ಅಂದ್ರಲ್ಲೋ ನೀವು," ಎಂದಳು.

ನಾನಲ್ಲ, ಅಧಿಕಾರಿಗಳು ಎಂದೆ.

"ಕಾಯ್ಸಿದ್ದು ಯಾರಪ್ಪಾ?"

ಮಾನ್ಯರೇ, ಎಷ್ಟೋ ವಿಚಾರಣೆಗಳಲ್ಲಿ ಸಾಕ್ಷಿ ಹೇಳಿದವನು ನಾನು. ಆ ಪ್ರಶ್ನೆಯನ್ನು ಮಾತ್ರ ಕುಲುಮೆಯ ಬಳಿಗೇ ಹೊತ್ತೊಯ್ದೆ.

ಮರುದಿನ ಊಟದ ಬಿಡುವಿನಲ್ಲಿ, ಯಾರ ಅಪ್ಪಣೆಯನ್ನೂ ಕೇಳದೆ, ಸೀಲು ಒಡೆಯದ ಪೊಟ್ಟಣದಿಂದ ಹೊಸ ಸಿಲಿಕಾನ್ ಬಿಲ್ಲೆಯೊಂದನ್ನು ತೆಗೆದೆ. ಅದರ ಮೇಲೆ ಏನೂ ಇಲ್ಲ. ಪುಡಿಯಿಲ್ಲ, ಪದರವಿಲ್ಲ, ಒಂಬತ್ತು ವರ್ಷದ ಬೆವರೂ ಇಲ್ಲ. ಎರಡನೇ ಕುಲುಮೆಯಲ್ಲಿ ಅಷ್ಟೇ ಶಾಖಕ್ಕೆ, ಅಷ್ಟೇ ಹೊತ್ತು ಬೇಯಿಸಿ ಅದೇ ಯಂತ್ರದಲ್ಲಿ ಪರೀಕ್ಷಿಸಿದೆ. ಸೀಸ ಬಂತು. ಮೇಡಂ ಅವರ ಫಿಲ್ಮಿನಲ್ಲಿ ಬಂದಷ್ಟೇ ಬಂತು. ಅಧ್ಯಕ್ಷರೇ, ಖಾಲಿ ಬಿಲ್ಲೆಗೆ ಸೀಸ ಬೆರೆಸಿದವರು ಯಾರು? ಅದನ್ನೂ ತಿರಸ್ಕರಿಸುತ್ತೀರಾ?

ಇನ್ನೊಂದು ಕಾಗದವೂ ನನ್ನ ಬಳಿ ಇದೆ. ಅಕ್ಕನ ರಕ್ತಪರೀಕ್ಷೆಯ ವರದಿ. ಅದರಲ್ಲೂ ಸೀಸವಿದೆ. ಕೆಳಗೆ ಕಾರ್ಖಾನೆಯ ವೈದ್ಯರ ಷರಾ: "ಮಿತಿಯೊಳಗಿದೆ. ಕೆಲಸಕ್ಕೆ ಯೋಗ್ಯ." ಫಿಲ್ಮಿನಲ್ಲಿ ಒಂದಿಷ್ಟು ಕಂಡರೆ ಕೆಂಪು ಮುದ್ರೆ, ಹೆಂಗಸಿನ ಮೈಯಲ್ಲಿ ಕಂಡರೆ ಯೋಗ್ಯತಾಪತ್ರ! ಇಷ್ಟು ಕಟ್ಟುನಿಟ್ಟಿನ ಕಣ್ಣನ್ನು ತಾವು ಒಮ್ಮೆಯಾದರೂ ತೂಕದ ಕೋಣೆಯ ಕಡೆ ತಿರುಗಿಸಿದ್ದುಂಟೇ?

ಸೋಮವಾರ ತಮ್ಮ ಸಮಿತಿ ಸೇರುತ್ತದೆ. ನನ್ನ ಸಹಿಯಿರುವ ವರದಿಯನ್ನು ಮುಂದಿಟ್ಟುಕೊಂಡು "ಪರ್ಯಾಯವಿಲ್ಲ" ಎಂದು ಮತ್ತೆ ಬರೆಯುತ್ತೀರಿ ಎಂದು ಕೇಳಿದ್ದೇನೆ. ಬರೆಯಬೇಡಿ. ಆ ಸಹಿಯನ್ನು ನಾನು ಈ ಮೂಲಕ ಹಿಂತೆಗೆದುಕೊಳ್ಳುತ್ತಿದ್ದೇನೆ. ಕುಲುಮೆಗೆ ಹೊಸ ಕೊಳವೆ ಹಾಕಿಸಿ, ಮೇಡಂ ಅವರ ಎದುರಿನಲ್ಲೇ ಫಿಲ್ಮನ್ನು ಮತ್ತೆ ಬೇಯಿಸಿ, ಪಕ್ಕದಲ್ಲೊಂದು ಖಾಲಿ ಬಿಲ್ಲೆಯಿಡಿ. ಫಲಿತಾಂಶ ಬರುವವರೆಗೆ ವಿನಾಯಿತಿಯನ್ನು ಮುಂದುವರಿಸಬೇಡಿ. ಫಿಲ್ಮ್ ಆಗಲೂ ಸೋತರೆ ನಾನೂ ಸೋತೆ, ಒಪ್ಪುತ್ತೇನೆ.

ಅಪ್ಪಣೆಯಿಲ್ಲದೆ ಕುಲುಮೆ ಹಚ್ಚಿದ್ದಕ್ಕೆ ನನಗೆ ಮೆಮೊ ಬರುತ್ತದೆ, ಬರಲಿ. ಸೋಮವಾರ ತಾವು ಸಹಿ ಹಾಕಿದರೆ ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಅಕ್ಕ ತಕ್ಕಡಿಯ ಮುಂದೆ ಕೂರುತ್ತಾಳೆ. ಹಾಕುವ ಮೊದಲು ಆ ಪೆನ್ನನ್ನು ಒಮ್ಮೆ ಅವಳ ಬಲಗೈಗೆ ಕೊಟ್ಟು ನೋಡಿ. ಕೆಳಗೆ ಬಿದ್ದರೆ ಎತ್ತಿಕೊಡಲು ನಾನು ಬಾಗಿಲ ಬಳಿಯೇ ನಿಂತಿರುತ್ತೇನೆ.

ಇಂತಿ,
ಗಡಿಯಾರ ನೋಡುತ್ತ ಗುಂಡಿ ಒತ್ತಿದ,
ತಮ್ಮ ಎರಡನೇ ಕುಲುಮೆಯವನು