ನೀಲಿ ಪರದೆಯ ಮೇಲೊಂದು ನಿದ್ದೆ

ಶುಕ್ರವಾರ, ಊಟ ಮುಗಿದ ಮೇಲೆ

ನನ್ನ ಪುಟ್ಟಿಗೆ, ಅಮ್ಮನ ಒಂದು ಸಿಹಿಮುತ್ತು.

ಅಕ್ಷರ ಬೇರೆಯಾಗಿದೆಯಲ್ಲ ಎಂದು ಗಾಬರಿಯಾಗಬೇಡ. ಬೆರಳಿಗೆ ಸೂಜಿ ಚುಚ್ಚಿಕೊಂಡಿದೆ. ಅದಕ್ಕೇ ನಾನು ಹೇಳುತ್ತಿದ್ದೇನೆ, ಇಲ್ಲಿಯ ಹುಡುಗಿಯೊಬ್ಬಳು ಬರೆಯುತ್ತಿದ್ದಾಳೆ. ಯಾರೆಂದು ಕೇಳಬೇಡ. ಹೇಳಿದ್ದನ್ನು ಹೇಳಿದ ಹಾಗೆ ಬರೆಯುವವಳು, ಅಷ್ಟು ಸಾಕು.

ಆಫೀಸಿನಲ್ಲಿ ನಿನ್ನ ಕೈಕೆಳಗಿರುವ ಹಿರಿಯರು ನಿನ್ನ ಮಾತಿಗೆ ಸೊಪ್ಪು ಹಾಕುವುದಿಲ್ಲ, ಅವರನ್ನು ಹೇಗೆ ಸಂಭಾಳಿಸಲಿ ಎಂದು ಕೇಳಿದ್ದೀಯ. ಸರಿಯಾದವಳನ್ನೇ ಕೇಳಿದೆ ನೋಡು! ಇಲ್ಲಿ ಸೊಪ್ಪು ಹಾಕದವರ ಮುಖಂಡಳೇ ನಾನು.

ನಾಟಕದ ಪರದೆ ಹೊಲಿಯುವ ನಮ್ಮ ಕೋಣೆಗೆ ಹೊಸ ಮೇಲ್ವಿಚಾರಕಿ ಬಂದಿದ್ದಾಳೆ. ನಿನಗಿಂತ ಚಿಕ್ಕವಳು. ನಾವು ಹಿರಿಯರು ಅವಳಿಗೆ ಇಟ್ಟ ಹೆಸರು ಮರಿ ಮೇಡಂ. (ಇಲ್ಲಿ ಬರೆಯುವವಳ ಪೆನ್ನು ಯಾಕೋ ನಿಂತಿತು. ಬರಿ, ಬರಿ ಎಂದೆ.) ಊಟವಾದ ಮೇಲೆ ಮಡಿಸಿಟ್ಟ ಮಖಮಲ್ಲಿನ ಮೇಲೆ ನಾವೆಲ್ಲ ಒಂದಿಷ್ಟು ಒರಗುತ್ತೇವಲ್ಲ, ಬಂದವಳೇ ಅದನ್ನು ನಿಲ್ಲಿಸಿದಳು. ನಿದ್ದೆ ಬಿಟ್ಟರೆ ಎಲ್ಲರೂ ಬೇಗ ಮನೆಗೆ ಹೋಗಬಹುದಂತೆ. ಕಿವಿಗೆ ಹಾಡು ಸಿಕ್ಕಿಸಿಕೊಂಡು ಹೊಲಿಯುವ ಹುಡುಗಿಯರು ಕುಣಿದಾಡಿದರು. ನಮಗೇನು ಬಂತು? ಬೇಗ ಹೋದರೆ ಬೇಗ ಒಲೆ ಮುಂದೆ ನಿಲ್ಲಬೇಕು, ಅಷ್ಟೇ. ನಾನು ಮುಖ ಗಂಟು ಹಾಕಿಕೊಂಡೆ. ಏನು ಕೇಳಿದರೂ ಆಯ್ತು ಮೇಡಂ ಎನ್ನುವುದು ಬಿಟ್ಟರೆ ಬೇರೆ ಮಾತಿಲ್ಲ. ಪಾಪ, ಅವಳ ಮುಖ ಬಾಡಿಹೋಯಿತು. ನನಗೆ ಒಳಗೊಳಗೇ ಖುಷಿ. ಇದನ್ನೂ ಬರಿ ಎಂದಿದ್ದೇನೆ.

ಒಂದು ಸಂಜೆ ನನ್ನ ಅಂಚಿನ ಹೊಲಿಗೆ ಸೊಟ್ಟಗೆ ಓಡಿತು. ಮಧ್ಯಾಹ್ನ ಒರಗದಿದ್ದರೆ ಹಾಗೇ, ಬೆನ್ನು ಮಾತು ಕೇಳುವುದಿಲ್ಲ. ಕಣ್ಣಿನದೇನೂ ತೊಂದರೆಯಿಲ್ಲ. ಸೂಜಿ ಹಿಡಿಯುವವರಿಗೆಲ್ಲ ಕಣ್ಣಿನ ಪರೀಕ್ಷೆಯಂತೆ, ಪಾಸಾಗದವರು ಮನೆಗಂತೆ ಎಂದು ಮೇಲಿನ ಆಫೀಸಿನಿಂದ ಸುದ್ದಿ ಬಂದಿದೆ. ಮನೆಯಲ್ಲಿ ಕೂತು ನಾನು ಮಾಡುವುದಾದರೂ ಏನು? ಈ ಕೋಣೆ ಬಿಟ್ಟರೆ ಜೀವ ಹೋದ ಹಾಗೆ. ಇರಲಿ. ಮಾರನೆಯ ದಿನ ಬಂದು ಮುಟ್ಟಿ ನೋಡಿದರೆ ಅಂಚು ನೆಟ್ಟಗಿತ್ತು. ಯಾರೋ ಬಿಚ್ಚಿ ಮತ್ತೆ ಹೊಲಿದಿದ್ದರು. ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವತ್ತೇ ಮರಿ ಮೇಡಂ, ಮಲಗೋರು ಮಲಗಿ, ಬೇಗ ಹೋಗೋರು ಹೋಗಿ ಅಂದುಬಿಟ್ಟಳು.

ಈಗ ಊಟವಾದ ಮೇಲೆ ಕಿಟಕಿಯ ಬಿಸಿಲು ನೀಲಿ ಮಖಮಲ್ಲಿನ ಮೇಲೆ ಇಳಿಯುತ್ತದೆ. ಹುಡುಗಿಯರ ಹೊಲಿಗೆ ಯಂತ್ರಗಳು ಎಲ್ಲೋ ದೂರ ಸರಿದ ಹಾಗೆ ಕೇಳಿಸುತ್ತವೆ. ಕಣ್ಣು ಮುಚ್ಚಿದರೆ ಕೋಣೆಯೇ ದೋಣಿಯ ಹಾಗೆ ಮೆಲ್ಲಗೆ ಹೊರಟುಬಿಡುತ್ತದೆ ಪುಟ್ಟಿ. ಕನಸಿನಲ್ಲಿ ಎಲ್ಲವೂ ಎಷ್ಟು ಸ್ಪಷ್ಟ! ನಿನ್ನ ಚಿಕ್ಕಂದಿನ ಜಡೆಯ ರಿಬ್ಬನ್ನು ಕೂಡ ಕಾಣುತ್ತದೆ. ಮೊನ್ನೆ ಎಚ್ಚರವಾದಾಗ ಪಕ್ಕದಲ್ಲಿ ಯಾರೋ ನಿನ್ನ ಹಾಗೇ ಅಂಗೈ ಮೇಲೆ ಕೆನ್ನೆಯಿಟ್ಟು ಮಲಗಿದ್ದರು. ನೀನೇ ಎಂದುಕೊಂಡು ತಲೆ ಸವರಿದೆ. ನೋಡಿದರೆ ಮರಿ ಮೇಡಂ! ಕೈ ತೆಗೆಯಲು ಮನಸ್ಸಾಗಲಿಲ್ಲ.

ಅದಕ್ಕೇ ಹೇಳುತ್ತೇನೆ, ನಿನ್ನ ಹಿರಿಯರು ಯಾವುದಕ್ಕೆ ಹಟ ಹಿಡಿದಿದ್ದಾರೋ ಅದನ್ನು ಕಿತ್ತುಕೊಳ್ಳುವ ಮೊದಲು ಅವರ ಪಕ್ಕ ಸ್ವಲ್ಪ ಹೊತ್ತು ಕೂತುಕೋ. ನಿಜ ಕಾರಣ ಹೇಳುವುದಿಲ್ಲ, ನಮ್ಮ ವಯಸ್ಸಿನವರು ಅಷ್ಟು ಸುಲಭಕ್ಕೆ ಬಾಯಿ ಬಿಡುವವರಲ್ಲ. ಆದರೂ ಕೂತುಕೋ.

ನಿದ್ದೆ ಎಳೆಯುತ್ತಿದೆ. ಸಹಿ ನಾನೇ ಹಾಕುತ್ತೇನೆ.

ಎಂದೂ ನಿನ್ನವಳೇ,
ಅಮ್ಮ

ತಾ.ಕ.: ಅಕ್ಕಾ, ಇದು ನಿಮ್ಮ ಅಮ್ಮ ಹೇಳಿ ಬರೆಸಿದ್ದಲ್ಲ. ದೊಡ್ಡಮ್ಮ ನಿದ್ದೆ ಹೋಗಿದ್ದಾರೆ; ನಾವೆಲ್ಲ ಅವರನ್ನು ಕರೆಯುವುದು ಹಾಗೇ. ನನ್ನನ್ನು ಬೈದದ್ದನ್ನು ಒಂದೂ ಬಿಡದೆ ಬರೆದಿದ್ದೇನೆ. ಅವರ ಬೆರಳಿಗೆ ಏನೂ ಆಗಿಲ್ಲ. ಕಣ್ಣು ಮಂಜಾಗಿದೆ. ಸಹಿ ನೋಡಿ, ಗೆರೆ ಬಿಟ್ಟು ಎಲ್ಲಿಗೋ ಹೋಗಿದೆ. ದಿನಾ ಅವರು ಬರುವ ಮೊದಲೇ ಅವರ ಸೂಜಿಗಳಿಗೆಲ್ಲ ದಾರ ಪೋಣಿಸಿಡುತ್ತೇನೆ. ಅವರು ಗೊತ್ತಿಲ್ಲದ ಹಾಗೆ ಇರುತ್ತಾರೆ, ನಾನೂ ಹಾಗೇ ಇರುತ್ತೇನೆ. ಪೊರೆ ಬಂದಿದ್ದರೆ ತೆಗೆಸಬಹುದಲ್ಲವೇ? ಡಾಕ್ಟರ ಹತ್ತಿರ ಹೋಗೋಣ ಬನ್ನಿ ಅಂದರೆ ಆಯ್ತು ಮೇಡಂ ಅನ್ನುತ್ತಾರೆ, ಕೂತಲ್ಲಿಂದ ಕದಲುವುದಿಲ್ಲ. ಪರೀಕ್ಷೆ ಹತ್ತಿರ ಬರುತ್ತಿದೆ. ನೀವು ಹೇಳಿದರೆ ಕೇಳುತ್ತಾರೆ, ಬೇಗ ಬನ್ನಿ. ಅವತ್ತು ಅವರು ತಲೆ ಸವರಿದಾಗ ನನಗೆ ಎಚ್ಚರವಿತ್ತು.

ಮರಿ ಮೇಡಂ